ತಿಕೋಟಾಕ್ಕೆ ಹೋದ ಎರಡನೇ ಕಾರ್ಡು

ನೀಲಾಬಾಯಿ ಒಮ್ಮೆ ಮಾಡಿದ ಕೆಲಸವನ್ನು ಇನ್ನೊಮ್ಮೆ ಮಾಡುತ್ತಿದ್ದಳು. ಮೊದಲ ಸಲ ತಪ್ಪಾಗಿರುತ್ತಿತ್ತು ಅಂತಲ್ಲ. ತಪ್ಪು ತನ್ನ ಕೈಯಿಂದ ಆಗುವುದೇ ಇಲ್ಲವೆಂದು ಆಕೆ ಕೇಳಿದವರಿಗೂ ಹೇಳುತ್ತಿದ್ದಳು, ಕೇಳದವರನ್ನು ನಿಲ್ಲಿಸಿಯೂ ಹೇಳುತ್ತಿದ್ದಳು. ವಿಜಾಪುರದ ಗೋಳಗುಮ್ಮಟದ ಹಿಂದಿನ ಓಣಿಯಲ್ಲಿ ನಂದಿ ಬೀಜ ಸಂಘದ ಕಚೇರಿ. ಅಲ್ಲಿ ಕುಳಿತು ಆಕೆ ದಪ್ಪ ಕಾಗದದ ಕಾರ್ಡುಗಳಿಗೆ ಮಶೀನಿನಿಂದ ತೂತು ಹೊಡೆಯುತ್ತಿದ್ದಳು. ಒಂದು ಚೀಲ ಬೀಜಕ್ಕೆ ಒಂದು ಕಾರ್ಡು. ಯಾರ ಬೀಜ, ಯಾವ ಊರು, ಯಾವ ತಳಿ, ಚೀಲದ ನಂಬರು ಏನು, ಎಲ್ಲ ಆ ತೂತುಗಳಲ್ಲೇ ಇರುತ್ತಿತ್ತು. ಒಂದು ಕಾರ್ಡು ಮುಗಿಯಿತೋ, ಅದೇ ತೂತುಗಳ ಇನ್ನೊಂದು ಕಾರ್ಡು ಹೊಡೆಯುವಳು. ಮೊದಲನೆಯದು ಕಚೇರಿಯ ಕಪಾಟಿಗೆ, ಎರಡನೆಯದು ತಗಡಿನ ಟ್ರಂಕಿಗೆ. ಟ್ರಂಕು ತುಂಬಿದರೆ ಬಸ್ಸಿನ ಮೇಲೆ ಹಾಕಿಸಿ ತಿಕೋಟಾದಲ್ಲಿದ್ದ ಸಂಘದ ಇನ್ನೊಂದು ಗೋದಾಮಿಗೆ ಸಾಗಿಸುವಳು.

ಇದು ಎಪ್ಪತ್ತಾರನೇ ಇಸವಿಯ ಮಾತು. ಕಂಪ್ಯೂಟರ್ ಎಂಬ ಶಬ್ದವನ್ನೇ ಆಗ ವಿಜಾಪುರದಲ್ಲಿ ಕೇಳಿದವರು ಕಡಿಮೆ. ಸಂಘದ ಅಧ್ಯಕ್ಷ ಶಿವಶರಣಪ್ಪನವರು ಮುಂಬಯಿಯಲ್ಲಿ ಬಾಗಿಲು ಹಾಕಿದ ಬಟ್ಟೆ ಗಿರಣಿಯೊಂದರಿಂದ ಹಳೆಯ ಮಶೀನುಗಳನ್ನು ಲಾರಿಯಲ್ಲಿ ತಂದಿದ್ದರು. ಒಂದು ತೂತು ಹೊಡೆಯುವುದು, ಒಂದು ಕಾರ್ಡುಗಳನ್ನು ಊರಿನ ಪ್ರಕಾರ, ಹೆಸರಿನ ಪ್ರಕಾರ ಜೋಡಿಸುವುದು, ಇನ್ನೊಂದು ಅವನ್ನು ಓದಿ ಕಾಗದದ ಮೇಲೆ ಅಚ್ಚು ಹಾಕುವುದು. ರೈತರು ಸುಗ್ಗಿ ಮುಗಿದ ಮೇಲೆ ಬಿತ್ತನೆಯ ಜೋಳವನ್ನು ಸಂಘದಲ್ಲಿ ಇಡುವರು, ಹಿಂಗಾರಿಗೆ ಬಂದು ಒಯ್ಯುವರು. ಚೀಲದ ಮೇಲೆ ಹೆಸರು ಬರೆಯುವಂತಿರಲಿಲ್ಲ. ಬರೆದರೆ ಒಳ್ಳೆಯ ಹೊಲದವರ ಚೀಲ ರಾತ್ರೋರಾತ್ರಿ ಬೇರೆಯವರ ಪಾಲಾಗುತ್ತದೆಂದು ಶಿವಶರಣಪ್ಪನವರಿಗೆ ಗೊತ್ತಿತ್ತು. ಅದಕ್ಕೇ ಬರೀ ನಂಬರು. ಚೀಟಿ ಕಾಯ್ದುಕೊಳ್ಳುವ ಗೊಡವೆಯೇ ಬೇಡ, ಹೆಸರು ಹೇಳಿ ಬೀಜ ಒಯ್ಯಿರಿ ಎಂದು ಅವರು ಊರೂರು ತಿರುಗಿ ಹೇಳಿಕೊಂಡು ಬಂದಿದ್ದರು.

ನೀಲಾಬಾಯಿ ಬಬಲೇಶ್ವರದವಳು. ಕಿರಾಣಿ ಅಂಗಡಿಯೂ ಹೊಲವೂ ಇದ್ದ ಮನೆತನ. ಮ್ಯಾಟ್ರಿಕ್ ಆದ ಮೇಲೆ ಸೊಲ್ಲಾಪುರದ ಸೋದರಮಾವನ ಮನೆಯಲ್ಲಿದ್ದು, ಅಲ್ಲಿಯ ಗಿರಣಿಯ ಮುರ್ತುಜಾಸಾಬರ ಕೈಕೆಳಗೆ ಈ ವಿದ್ಯೆ ಕಲಿತು ಬಂದಿದ್ದಳು. ಗಂಡ ದಶರಥ ಬಸ್ ಕಂಡಕ್ಟರು. ತಮ್ಮ ಮನೆಯಲ್ಲಿ ಗಂಡ ಹೆಂಡತಿ ಇಬ್ಬರೂ ತೂತು ಹೊಡೆದೇ ಹೊಟ್ಟೆ ಹೊರೆಯುವವರೆಂದು ಆತ ಬಸ್ಸಿನಲ್ಲಿ ನಗೆಯಾಡುತ್ತಿದ್ದ.

ಎರಡೆರಡು ಕಾರ್ಡು ಯಾಕೆ, ಕಾಗದ ಪುಕ್ಕಟೆ ಬರುತ್ತದೇನು ಎಂದು ಶಿವಶರಣಪ್ಪನವರು ಮೊದಮೊದಲು ಗೊಣಗಿದರು. ಆಕೆ ತನ್ನ ಅಜ್ಜಿ ಗುರುಬಸವ್ವನ ಮಾತು ಹೇಳಿದಳು. ಗುರುಬಸವ್ವ ಬೀಜದ ಜೋಳವನ್ನು ಎಂದೂ ಒಂದೇ ಹಗೇವಿನಲ್ಲಿ, ಅಂದರೆ ಒಂದೇ ನೆಲಗುಂಡಿಯಲ್ಲಿ, ಇಟ್ಟವಳಲ್ಲ. ಅರ್ಧ ಬಬಲೇಶ್ವರದ ಮನೆಯ ನೆಲದೊಳಗೆ, ಅರ್ಧ ಕಾಖಂಡಕಿಯ ತಂಗಿಯ ಮನೆಯ ಹಗೇವಿನಲ್ಲಿ. ಒಂದು ಹಗೇವಿಗೆ ನೀರು ನುಗ್ಗಿದರೆ ಇನ್ನೊಂದು ಊರಿನದು ಉಳಿಯುತ್ತದೆ, ಒಂದೇ ಮನೆಯಲ್ಲಿ ಎರಡು ಹಗೇವು ತೋಡಿ ಏನು ಉಪಯೋಗ ಎಂಬುದು ಮುದುಕಿಯ ಲೆಕ್ಕ. ಶಿವಶರಣಪ್ಪನವರಿಗೆ ಮಶೀನು ತಿಳಿಯದಿದ್ದರೂ ಹಗೇವು ತಿಳಿಯುತ್ತಿತ್ತು. ಸುಮ್ಮನಾದರು.

ತಿಕೋಟಾದ ಗೋದಾಮನ್ನು ಕಾಯುವವನು ಗುರಣ್ಣ. ಅರ್ಧ ಆಯುಷ್ಯ ಕುರಿ ಹಿಂದೆ ತಿರುಗಿ, ಮೊಳಕಾಲು ಹಿಡಿದ ಮೇಲೆ ಕುರಿಗಳನ್ನು ಮಗನಿಗೆ ಬಿಟ್ಟು ಈ ಕೆಲಸಕ್ಕೆ ಬಂದವನು. ಕಾಲು ಸೋತಿತ್ತೇ ಹೊರತು ಬಾಯಿ ಸೋತಿರಲಿಲ್ಲ. ತಾನು ಕಾಯುವಾಗ ತೋಳಕ್ಕೆ ಒಂದು ಮರಿಯನ್ನೂ ಕೊಟ್ಟವನಲ್ಲ ಎಂದು ಬಂದವರಿಗೆಲ್ಲ ಹೇಳುವನು. ಅವನೂ ನೀಲಾಬಾಯಿಯೂ ಒಂದು ಕಡೆ ಸೇರಿದರೆ ಮೂರನೆಯವರಿಗೆ ಬಾಯಿ ತೆರೆಯಲು ಸಂದಿಯೇ ಸಿಗುತ್ತಿರಲಿಲ್ಲ.

ಆ ವರ್ಷ ಯುಗಾದಿಯ ಆಸುಪಾಸು ಆಕೆ ಹೊಸ ಟ್ರಂಕಿನೊಡನೆ ತಿಕೋಟಾಕ್ಕೆ ಹೋದಳು. ಹಳೆಯ ಟ್ರಂಕುಗಳನ್ನು ತೆರೆದು ನೋಡಿದರೆ, ಅಯ್ಯೋ ಶಿವನೇ, ಕಾರ್ಡುಗಳ ಮೇಲೆಲ್ಲ ಬೂದಿ! ನಡುನಡುವೆ ಬೇವಿನೆಲೆ ಬೇರೆ. ಗುರಣ್ಣ ಒಲೆಯ ಬೂದಿಯನ್ನು ಅರಿವೆಯಲ್ಲಿ ಸೋಸಿ, ಅಮಾವಾಸ್ಯೆಗೊಮ್ಮೆ ಭಕ್ತಿಯಿಂದ ಉದುರಿಸುತ್ತ ಬಂದಿದ್ದ.

“ಬೀಜದ ಹೆಸರಂದ್ರ ಬೀಜ ಇದ್ದಂಗ. ಬೂದಿ ಹಾಕದ ಬೀಜಾ ಇಡತಾರೇನ್ರಿ?” ಎಂದ ಗುರಣ್ಣ, ಶಾಭಾಸ್ ಅನ್ನಿಸಿಕೊಳ್ಳುವ ಮುಖ ಮಾಡಿ.

“ಇದು ಜೋಳ ಅಲ್ಲ ಕಾಕಾ. ಬೂದಿ ಹೋದ್ರ ಮಶೀನಿನ ಗಂಟಲಾ ಕಟ್ಟತದ,” ಎಂದಳು ನೀಲಾಬಾಯಿ. ಅಲ್ಲಿಗೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. ನಿಲ್ಲಿಸಲಿಲ್ಲ. ಕುರಿ ಕಾಯುವವನ ಕೈಗೆ ಕಾರ್ಡು ಕೊಟ್ಟದ್ದೇ ತಪ್ಪಾಯಿತು ಎಂದೂ ಅಂದುಬಿಟ್ಟಳು. ತಾನು ತಂದ ಟ್ರಂಕಿನಲ್ಲಿ ತನ್ನೂರಾದ ಬಬಲೇಶ್ವರದ ಕಾರ್ಡುಗಳಿದ್ದವು. ಅದನ್ನು ಮೂಲೆಯಲ್ಲಿಟ್ಟು ದೊಡ್ಡ ಕೀಲಿ ಜಡಿದು, ಇದನ್ನು ಯಾರೂ ಮುಟ್ಟಕೂಡದು ಎಂದು ಹೇಳಿ, ಕೀಲಿಕೈಯನ್ನು ಸೆರಗಿಗೆ ಕಟ್ಟಿಕೊಂಡು ಬಸ್ ಹತ್ತಿದಳು. ಉಳಿದ ಟ್ರಂಕುಗಳನ್ನು ಬಿಡುವಾದಾಗ ಬಂದು ಒರೆಸಿದರಾಯಿತು ಅಂದುಕೊಂಡಳು. ಗುರಣ್ಣ ಆಕೆಗೆ ಚಹಾ ಕೂಡ ಹೇಳಲಿಲ್ಲ.

ಶ್ರಾವಣ ಮುಗಿಯುತ್ತ ಬಂದಾಗ ಕಚೇರಿಗೆ ಬೆಂಕಿ ಬಿತ್ತು. ಮಳೆ ನೀರು ಸೋರಿ ವಾಯರು ಸುಟ್ಟಿತ್ತು. ಇನ್ನೂ ನಸುಕಾದ್ದರಿಂದ ಒಳಗೆ ಯಾರೂ ಇರಲಿಲ್ಲ. ಕಾರ್ಡಿನ ಕಪಾಟು ಸುಟ್ಟು ಕರಿಯಾಯಿತು, ಮಶೀನುಗಳು ಬರೀ ಕಬ್ಬಿಣವಾಗಿ ಉಳಿದವು. ಕಚೇರಿಯ ಎದುರಿನ ಗೋದಾಮಿನಲ್ಲಿ ಬೀಜದ ಚೀಲಗಳು ಮಾತ್ರ ಒಂದು ಎಳೆ ಸುಡದೆ ನಿಂತಿದ್ದವು. ಸಾವಿರಾರು ಚೀಲ, ಎಲ್ಲದರ ಮೇಲೂ ಬರೀ ನಂಬರು. ಎರೆಹೊಲದ ಬೀಜ ಯಾವುದು, ಕಲ್ಲುನೆಲದ ಮಡ್ಡಿ ಹೊಲದ್ದು ಯಾವುದು, ಯಾರದು ಯಾವುದು, ದೇವರಿಗೇ ಗೊತ್ತು. ಬಿತ್ತುವ ದಿನಗಳು ಎದುರಿಗೇ ಇದ್ದವು. ಬೇರೆಯ ಹೊಲದ ಬೀಜ ಬಿತ್ತಿ ಬೆಳೆ ಕೈಕೊಟ್ಟರೆ ಆ ಮನೆಗೆ ಇಡೀ ವರ್ಷದ ರೊಟ್ಟಿ ಇಲ್ಲ. ಕನಮಡಿಯಿಂದ ಬಂದ ರೈತರು ಆಗಲೇ ಗೇಟಿನಲ್ಲಿ ನಿಂತು, ಆ ಚೀಲ ನನ್ನದು, ಈ ಚೀಲ ನನ್ನದು ಎಂದು ಕೈ ಕೈ ಮಿಲಾಯಿಸುವ ಹಂತಕ್ಕೆ ಬಂದಿದ್ದರು.

ಶಿವಶರಣಪ್ಪನವರು ಕಟ್ಟೆಯ ಮೇಲೆ ತಲೆಗೆ ಕೈಹಚ್ಚಿ ಕುಳಿತುಬಿಟ್ಟರು.

“ಚೀಲಾ ಉಳದಾವ, ಹೆಸರ ಸುಟ್ಟಾವ ನೀಲಾಬಾಯಿ.”

“ಹೆಸರ ತಿಕೋಟಾದಾಗ ಅದಾವ್ರಿ,” ಎಂದಳು ಆಕೆ. “ನೀವು ಇವರಿಗೆ ಒಂದೀಟು ಚಹಾ ಕುಡಸ್ರಿ. ನಾ ತರತೇನಿ.”

ಮಶೀನಿನ ಚಿಂತೆಯೂ ಆಕೆಗಿರಲಿಲ್ಲ. ಸೊಲ್ಲಾಪುರದಲ್ಲಿ ಮುರ್ತುಜಾಸಾಬರ ಮಶೀನಿತ್ತು. ಕಾರ್ಡೊಂದು ಕೈಯಲ್ಲಿದ್ದರೆ ಯಾವ ಊರಿನ ಮಶೀನಾದರೇನು, ಓದಿಸಿಯೇ ತೀರುತ್ತೇನೆ ಎಂಬ ಧೈರ್ಯ. ತಿಕೋಟಾದ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕುಳಿತು, ಎರಡನೇ ಕಾರ್ಡಿಗೆ ನಕ್ಕವರನ್ನೆಲ್ಲ ಒಬ್ಬೊಬ್ಬರಾಗಿ ನೆನೆಸಿಕೊಂಡು ಖುಷಿಪಟ್ಟಳು.

ಬೂದಿ ಹಾಕಿದ ಟ್ರಂಕುಗಳನ್ನು ಮೊದಲು ತೆರೆದರು. ಬೂದಿ ಕೊಡವಿದರೆ ಕಾರ್ಡುಗಳು ಹೊಸ ಇಸ್ಪೀಟು ಎಲೆಯ ಹಾಗಿದ್ದವು. ಆಮೇಲೆ ಆಕೆ ಸೆರಗಿನ ಕೀಲಿಕೈ ಬಿಚ್ಚಿ ಮೂಲೆಯ ಟ್ರಂಕಿನ ಮುಂದೆ ಕುಳಿತಳು. ಮುಚ್ಚಳ ಎತ್ತಿದೊಡನೆ ಮಣ್ಣಿನ ವಾಸನೆ ಬಂತು. ತಳದ ತಗಡು ಜಂಗು ತಿಂದು ಕಿಂಡಿಯಾಗಿತ್ತು, ಕಿಂಡಿಯಿಂದ ಗೆದ್ದಲು ಹತ್ತಿತ್ತು. ಬಬಲೇಶ್ವರದ ಅಷ್ಟೂ ಕಾರ್ಡು ಮಣ್ಣಿನ ಹೆಂಟೆಯಾಗಿ ಕುಳಿತಿದ್ದವು. ಕೈ ಹಾಕಿದರೆ ಬೆರಳಲ್ಲಿ ಪುಡಿಯಾಯಿತು.

ನೀಲಾಬಾಯಿ ಹೆಂಟೆಯನ್ನು ಒಡೆದು ಒಡೆದು ನೋಡಿದಳು. ತನ್ನೂರು! ಅಜ್ಜಿಯ ಚೀಲವೂ ಅದರಲ್ಲೇ. ಗುರಣ್ಣ ಈಗ ನಾಲಗೆ ಹರಿಬಿಡುತ್ತಾನೆ, ಬಿಡಲಿ, ನನಗೆ ಆಗಬೇಕಾದದ್ದೇ ಎಂದು ತಲೆ ತಗ್ಗಿಸಿ ಕಾದಳು. ಅವನು ಮೊಳಕಾಲು ಹಿಡಿದುಕೊಂಡು ಆಕೆಯ ಪಕ್ಕದಲ್ಲಿ ಕುಳಿತ.

“ಗೆದ್ದಲ ಹತ್ತೂದು ಕಂಡಿದ್ದೆ ಯವ್ವಾ,” ಎಂದ. “ಗ್ವಾಡಿಗೆ ಮಣ್ಣಿನ ಗೆರಿ ಎದ್ದಿತ್ತು. ನೀ ಮುಟ್ಟಬ್ಯಾಡ ಅಂದೀದಿ ಅಂತ ಸಿಟ್ಟಿಗೆ ಸುಮ್ಮನ ಕುಂತೆ. ಒಂದ ಮಾತ ಹೇಳಿ ಕಳಸಬೇಕಿತ್ತು.”

ತೋಳಕ್ಕೆ ಮರಿ ಕೊಡದವನ ಕಣ್ಣು ತುಂಬಿತ್ತು. ಆಕೆ ಬೈಯಬೇಕೆಂದರೆ ತನ್ನಿಂದಲೇ ಸುರು ಮಾಡಬೇಕಿತ್ತು.

ಅಳುತ್ತ ಕುಳಿತರೆ ಉಳಿದ ಊರುಗಳ ಗತಿ? ಗುರಣ್ಣ ಓಣಿಗೆ ಹೋಗಿ ತನ್ನ ಹೆಂಡತಿ ಸಕ್ರವ್ವನನ್ನೂ ನೆರೆಯ ಹೆಂಗಸರನ್ನೂ ಮೊರಗಳ ಸಮೇತ ಕರೆತಂದ. ಜೋಳ ಕೇರುವ ಮೊರದಲ್ಲಿ ಕಾರ್ಡು ಹಾಕಿ ಗಾಳಿಗೆ ಹಿಡಿದು ಕೇರಿದರು. ಬೂದಿ ಹಾರಿ ತಿಕೋಟಾದ ಮೇಲೆ ಮಂಜು ಕವಿದ ಹಾಗಾಯಿತು. ಕಾರ್ಡು ಕಲಸಿಹೋಗುತ್ತವಲ್ಲ ಎಂದು ಸಕ್ರವ್ವ ಅಂಜಿದರೆ, ಎಷ್ಟು ಬೇಕಾದರೂ ಕಲಸಲಿ, ಜೋಡಿಸುವುದು ಮಶೀನಿನ ಪಾಡು ಎಂದಳು ನೀಲಾಬಾಯಿ. ಆಕೆಯೂ ಒಂದು ಮೊರ ಹಿಡಿದಿದ್ದಳು. ಕಚೇರಿಗೆ ಸೇರಿದ ಮೇಲೆ ಕೇರುವುದು ಮರೆತು, ಅರ್ಧ ಬೂದಿ ತನ್ನ ಮುಖದ ಮೇಲೇ ಹಾರಿಸಿಕೊಂಡಳು.

ಕೇರಿದ ಕಾರ್ಡುಗಳನ್ನು ಮತ್ತೆ ಟ್ರಂಕಿಗೆ ತುಂಬಿ ಆಕೆ ಸೊಲ್ಲಾಪುರಕ್ಕೆ ಒಯ್ದಳು. ಅಲ್ಲಿಯ ಮಶೀನು ಬೇರೆ ಜಾತಿಯದು. ಕಾರ್ಡಿನ ಯಾವ ಸಾಲನ್ನು ಯಾವುದೆಂದು ಓದಬೇಕೆಂಬುದನ್ನು ಅದಕ್ಕೆ ಒಂದು ಹಲಗೆಯ ಮೇಲೆ ತಂತಿ ಜೋಡಿಸಿ ಹೇಳಬೇಕು. ಆ ಹಲಗೆಗೆ ಗಿರಣಿಯ ಕೂಲಿಕಾರರ ಪಗಾರ ಓದುವ ರೂಢಿ. ಮೊದಲ ಸಲ ಹಾಕಿದಾಗ ಕನಮಡಿಯ ರೈತರೆಲ್ಲ ನೂಲುವ ಖಾತೆಯ ಕೂಲಿಕಾರರಾಗಿ, ಚೀಲದ ನಂಬರೆಲ್ಲ ಹಾಜರಿಯ ದಿನಗಳಾಗಿ ಅಚ್ಚಾಗಿ ಬಂದವು. ಮುರ್ತುಜಾಸಾಬರು ಗಡ್ಡ ನೀವುತ್ತ ನಕ್ಕರು. ಗುರು ಶಿಷ್ಯೆ ಇಬ್ಬರೂ ಕುಳಿತು ತಂತಿಗಳನ್ನೆಲ್ಲ ಕಿತ್ತು ಮೊದಲಿನಿಂದ ಜೋಡಿಸಿದರು. ಉಳಿದ ಬೂದಿಗೆ ಮಶೀನು ಆಗಾಗ ಕೆಮ್ಮಿ ನಿಲ್ಲುತ್ತಿತ್ತು. ಸಾಬರು ಬ್ರಶ್ಶಿನಿಂದ ಅದರ ಗಂಟಲು ಒರೆಸಿ ಮತ್ತೆ ನಡೆಸುವರು. ಕೊನೆಗೆ ತಿಕೋಟಾ, ಕನಮಡಿ, ಕಾಖಂಡಕಿ, ಒಂದೊಂದೇ ಊರು ಹೆಸರು ನಂಬರಿನ ಸಮೇತ ಕಾಗದದ ಮೇಲೆ ಇಳಿಯಿತು. ತೂತುಗಳಿಂದ ಮನುಷ್ಯರು ಎದ್ದು ಬಂದಂತೆ ನೀಲಾಬಾಯಿಗೆ ಕಂಡಿತು.

ವಿಜಾಪುರಕ್ಕೆ ಬಂದು ಚೀಲ ಹಂಚಿದರು. ಎಲ್ಲ ಊರಿನವರೂ ಒಯ್ದ ಮೇಲೆ ಗೋದಾಮಿನ ತುದಿಯಲ್ಲಿ ಕೆಲವು ಚೀಲ ಉಳಿದವು. ಬೇರೆ ಯಾರವೂ ಅಲ್ಲವೆಂದ ಮೇಲೆ ಅವು ಬಬಲೇಶ್ವರದವೇ. ಆದರೆ ಯಾವುದು ಯಾರದು? ಶಿವಶರಣಪ್ಪನವರು ತಾವೇ ಹೋಗಿ ಊರವರಿಗೆ ಹೇಳುವುದಾಗಿ ಅಂದರು. ನೀಲಾಬಾಯಿ ಒಪ್ಪಲಿಲ್ಲ. ಚೀಲಗಳನ್ನು ಲಾರಿಗೆ ಹೇರಿಸಿ ತಾನೇ ಹೊರಟಳು. ಗುರಣ್ಣನೂ ಹತ್ತಿ ಕುಳಿತ.

ಊರ ನಡುವಿನ ಕಟ್ಟೆಯ ಮುಂದೆ ಚೀಲ ಇಳಿಸಿ ಆಕೆ ಇದ್ದದ್ದು ಇದ್ದ ಹಾಗೆ ಹೇಳಿದಳು. ನಾನು ಹಾಕಿದ ಕೀಲಿ ನಿಮ್ಮ ಹೆಸರು ತಿಂದಿತು ಎಂದಳು. ಇಲ್ಲ, ತಿಂದದ್ದು ನನ್ನ ಸಿಟ್ಟು ಎಂದ ಗುರಣ್ಣ. ತಪ್ಪು ನನ್ನದು ಎಂದು ಆಕೆ, ಅಲ್ಲ ನನ್ನದು ಎಂದು ಆತ, ಅದಕ್ಕೂ ಇಬ್ಬರಿಗೂ ಜಗಳ ಹತ್ತಿತು. ಊರ ಹಿರಿಯ ಗೊಲ್ಲಾಳಪ್ಪ ಕೋಲು ಕುಟ್ಟಿದ.

“ನಿಮ್ಮ ಜಗಳಾ ಬಿತ್ತಿದ್ರ ಜೋಳಾ ಬೆಳಿತದೇನು? ಮುಂದಿಂದ ಹೇಳ್ರಿ.”

ಆಗ ಗುರುಬಸವ್ವ ಹೆಂಗಸರನ್ನು ಸರಿಸಿಕೊಂಡು ಮುಂದೆ ಬಂದಳು. ಮೊಮ್ಮಗಳನ್ನು ಮೇಲಿಂದ ಕೆಳಗೆ ನೋಡಿದಳು.

“ಎರಡ ಊರಾಗ ಇಡು ಅಂತ ನಾ ಹೇಳಿದ್ದೆ. ಕಾಯಾಂವನ ಕೈ ಕಟ್ಟಿ ಇಡು ಅಂತ ಹೇಳಿದ್ದೆನೇನ ಬೇ?”

ಅಷ್ಟೇ ಬೈದಳು. ಬೈದು, ಒಂದು ಚೀಲದ ಹೊಲಿಗೆ ಬಿಚ್ಚಿ ಜೋಳದೊಳಗೆ ಕೈಯಿಳಿಸಿ, ಹಿಡಿ ತುಂಬ ತೆಗೆದು ಅಂಗೈಯಲ್ಲಿ ತಿಕ್ಕಿದಳು. ಅಂಗೈ ಬೂದಿಯಾಯಿತು. ಬೂದಿ ಹಾಕದೆ ತನ್ನಿರೆಂದು ಸಂಘದವರು ಎಷ್ಟು ಸಾರಿದ್ದರೂ ಊರ ಹೆಂಗಸರು ಕಿವಿಗೆ ಹಾಕಿಕೊಂಡಿರಲಿಲ್ಲ. ಪ್ರತಿಯೊಬ್ಬಳೂ ಚೀಲ ಹೊಲಿಯುವ ಮುಂಚೆ ತನ್ನ ಒಲೆಯ ಬೂದಿ ಬೆರೆಸಿಯೇ ಕಳಿಸಿದ್ದಳು. ಬಿಳಿ ಬೂದಿ, ನಡುವೆ ಲಕ್ಕಿ ಸೊಪ್ಪು. ಇದು ದುಂಡವ್ವನದು ಎಂದಳು ಮುದುಕಿ. ದುಂಡವ್ವ ಬಂದು ಮೂಸಿ, ಹೌದು ನಮ್ಮದೇ ಎಂದಳು. ಹತ್ತಿಕಟ್ಟಿಗೆಯ ಬೂದಿ ಸಾವಂತ್ರವ್ವನ ಮನೆಯದು. ಕುಳ್ಳಿನ ಬೂದಿಗೆ ಸುಣ್ಣ ಬೆರೆಸುವವಳು ಭೀಮಾಬಾಯಿ ಒಬ್ಬಳೇ. ಎಲ್ಲ ಊರಿನ ಸಾವಿರಾರು ಚೀಲಗಳಲ್ಲಿ ಇದು ಆಗುವ ಮಾತಾಗಿರಲಿಲ್ಲ. ಒಂದು ಊರಿನ ಚೀಲಕ್ಕೆ, ಆ ಊರಿನ ಹೆಂಗಸರಿಗೆ, ಆಯಿತು. ಕಮ್ಮಾರನ ಕುಲುಮೆಯ ಬೂದಿ ಹಾಕಿದ ಎರಡು ಮನೆಯವರು ಒಂದು ಚೀಲಕ್ಕೆ ಎಳೆದಾಡಿದರು, ಕೊನೆಗೆ ಅರ್ಧರ್ಧ ಮಾಡಿಕೊಂಡರು. ನೀಲಾಬಾಯಿ ಕಟ್ಟೆಯ ಮೇಲೆ ಕುಳಿತು, ಯಾರು ಯಾವ ಚೀಲ ಒಯ್ದರೆಂದು ಗುರುತು ಹಾಕಿಕೊಳ್ಳುತ್ತ ಹೋದಳು. ಕಣ್ಣಲ್ಲಿ ನೀರು ಬಂದದ್ದು ಬೂದಿಯಿಂದ ಎಂದು ಯಾರೂ ಕೇಳದಿದ್ದರೂ ಹೇಳಿದಳು.

ಆ ವರ್ಷ ಬಬಲೇಶ್ವರದ ಜೋಳ ಆಳೆತ್ತರ ನಿಂತಿತು. ಸುಗ್ಗಿ ಕಳೆದು ಸಂಘಕ್ಕೆ ಮತ್ತೆ ಮಶೀನು ಬಂತು, ನೀಲಾಬಾಯಿ ಮತ್ತೆ ಎರಡೆರಡು ಕಾರ್ಡು ಹೊಡೆದಳು. ಮೊದಲು ತುಂಬಿದ್ದು ಬಬಲೇಶ್ವರದ ಟ್ರಂಕು. ಅದನ್ನು ತಿಕೋಟಾಕ್ಕೆ ಒಯ್ದು, ಗೋಡೆಯಿಂದ ದೂರ ಕಲ್ಲಿನ ಮೇಲೆ ಇಡಿಸಿದಳು. ಸೆರಗಿನಿಂದ ಆ ಹಳೆಯ ಕೀಲಿಯನ್ನೂ ಕೀಲಿಕೈಯನ್ನೂ ಬಿಚ್ಚಿ ಗುರಣ್ಣನ ಕೈಗೆ ಕೊಟ್ಟಳು, ಕುರಿದೊಡ್ಡಿಗೆ ಹಾಕಿಕೊಳ್ಳಿರಿ ಎಂದು. ಟ್ರಂಕಿನ ಮುಚ್ಚಳ ತೆರೆದೇ ಇತ್ತು.

ಗುರಣ್ಣ ಒಳಗೆ ಹೋಗಿ ಸೋಸಿದ ಬೂದಿಯ ಡಬ್ಬಿ ತಂದ. ಹಾಕಲೋ ಬೇಡವೋ ಎಂದು ಅನುಮಾನಿಸಿ ನಿಂತ.

“ಮಶೀನಿನ ಗಂಟಲಾ ಕಟ್ಟೂದಿಲ್ಲೇನ ಯವ್ವಾ?”

“ಕಟ್ಟಲಿ, ಹಾಕ್ರಿ ಕಾಕಾ,” ಎಂದಳು ನೀಲಾಬಾಯಿ. “ಈಗ ನನಗ ಕೇರಾಕ ಬರತದ.”