ಅಪ್ಪಿಕೊಂಡರೆ ಕರಕರ

ಶೂಟಿಂಗ್ ಜಾಗಕ್ಕೆ ಎಲ್ಲರಿಗಿಂತ ಮೊದಲು ಹೋಗುವವನು ಮಟ್ಟಾಂಚೇರಿಯ ಕುರುವಿಳ. ಗಾಳಿಯಲ್ಲಿ ಯಾವ ಫ್ರೀಕ್ವೆನ್ಸಿಯಲ್ಲಿ ಟಿವಿ ಕೂತಿದೆ, ಯಾವುದು ಖಾಲಿ ಎಂದು ಪೆಟ್ಟಿಗೆ ಹಿಡಿದು ನೋಡಿ, ನಟರ ವೈರಿಲ್ಲದ ಮೈಕುಗಳಿಗೆ ಒಂದೊಂದು ಮನೆ ಹಂಚುವುದು ಅವನ ಇಪ್ಪತ್ತೆರಡು ವರ್ಷದ ಕಸುಬು. ಮಗಳ ಮದುವೆಯಲ್ಲಿ ಮಾತು ಬಿಟ್ಟ ಷಡ್ಡಕರನ್ನೂ ಹೀಗೇ ಅಂತರ ನೋಡಿ ಕೂರಿಸಿದ್ದ.

ಅವತ್ತು ನಾಯಕನ ಮೈಕಿಗೆ ಐನೂರ ಹನ್ನೆರಡು ಮೆಗಾಹರ್ಟ್ಸ್, ನಾಯಕಿಗೆ ಐನೂರ ಹದಿನಾಲ್ಕು ಕೊಟ್ಟು ಟೀ ಹೀರುತ್ತಿದ್ದಾಗ ನಿರ್ದೇಶಕ ಶಿಹಾಬನಿಗೆ ಹೊಸ ಯೋಚನೆ ಬಂತು: ಈ ದೃಶ್ಯದಲ್ಲಿ ಅತ್ತೆಯೂ ಮಾತಾಡಲಿ. ಅತ್ತೆಯ ಪಾತ್ರದ ತಂಗಮಣಿಯಮ್ಮನಿಗೆ ಮರುದಿನವೇ ಗಂಟಲಿನ ಆಪರೇಷನ್. ಆಮೇಲೆ ಎಂಥ ದನಿ ಉಳಿಯುತ್ತದೋ ಡಾಕ್ಟರಿಗೇ ಗೊತ್ತಿಲ್ಲ. ಡಬ್ಬಿಂಗಿನ ಮಾತೇ ಇಲ್ಲ, ಸಿಕ್ಕಿದರೆ ಇವತ್ತೇ.

ಐನೂರ ಹದಿನಾರು ಖಾಲಿಯಿತ್ತು. ಕೊಟ್ಟ.

ದೂರ ನಿಂತು ಮಾತಾಡಿದಾಗ ಎಲ್ಲ ಶುದ್ಧ. ಕ್ಯಾಮೆರಾ ತಿರುಗಿ ನಾಯಕ ನಾಯಕಿಯನ್ನು ಅಪ್ಪಿದ್ದೇ ತಡ, ಅತ್ತೆಯ ಮೈಕಿನಿಂದ ಹೆಡ್‌ಫೋನಿನಲ್ಲಿ ಕರಕರ! ಕುರುವಿಳ ಬ್ಯಾಟರಿ ಬದಲಿಸಿದ, ವೈರು ಬದಲಿಸಿದ, ಎಲ್ಲರ ವಾಕಿಟಾಕಿ ಬಾಯಿ ಮುಚ್ಚಿಸಿದ. ಮತ್ತೆ ಅಪ್ಪುಗೆ, ಮತ್ತೆ ಕರಕರ.

"ಏನ್ ಚೇಟ್ಟಾ, ಕಿವೀಲಿ ಇರುವೆ ಹೊಕ್ಕಿದ್ಯಾ?" ಎಂದ ಶಿಹಾಬ್.

"ಇರುವೆ ಆಗಿದ್ರೆ ಹಿಡೀತಿದ್ದೆ. ಇದು ಇವರಿಬ್ರು ತಬ್ಬಿದಾಗ ಮಾತ್ರ ಬರುತ್ತೆ!"

"ಮಗ ಸೊಸೇನ ತಬ್ಬಿದ್ರೆ ಅತ್ತೆ ಕರಕರ ಅನ್ನದೆ ಇನ್ನೇನ್ ಮಾಡ್ತಾಳೆ ಮೋನೇ?" ತಂಗಮಣಿಯಮ್ಮ ನಕ್ಕರು, ಕೆಮ್ಮಿದರು. "ಬೇಗ ನೋಡು, ಗಂಟಲು ಕಟ್ತಾ ಇದೆ."

ಕುರುವಿಳ ನಾಯಕ ನಾಯಕಿಯರನ್ನು ದೂರ ನಿಲ್ಲಿಸಿದ: ಶುದ್ಧ. ಹತ್ತಿರ ತಂದ: ಕರಕರ. ಪುಸ್ತಕ ಬಿಡಿಸಿ ತಾನೇ ಬರೆದ ಅಂಕಿ ನೋಡಿದ. ಹನ್ನೆರಡು, ಹದಿನಾಲ್ಕು, ಹದಿನಾರು. ಮೆಟ್ಟಿಲಿನಂತೆ ಸಮ! ಎರಡು ಮೈಕು ಮೈಗೆ ಮೈ ತಾಗಿಸಿದರೆ ಅಷ್ಟೇ ಅಂತರದಲ್ಲಿ ಮೂರನೆಯ ಫ್ರೀಕ್ವೆನ್ಸಿಯ ಮರಿಯೊಂದು ಹುಟ್ಟುತ್ತದೆ. ಹೊಸಬರಿಗೆಲ್ಲ ಇದನ್ನು ಹೇಳಿಕೊಟ್ಟವನೇ ಅವನು. ಅವಸರದಲ್ಲಿ ಆ ಮರಿಯ ತೊಟ್ಟಿಲಲ್ಲೇ ಅತ್ತೆಯನ್ನು ಕೂರಿಸಿದ್ದ.

ಅತ್ತೆಯ ಮೈಕನ್ನು ಬಟ್ಟೆಯೊಳಗೆ ಹೊಲಿದಾಗಿತ್ತು, ಬಿಚ್ಚಿ ಫ್ರೀಕ್ವೆನ್ಸಿ ಬದಲಿಸಲು ಹೊತ್ತಿಲ್ಲ. ನಾಯಕಿಯ ಸೊಂಟದ ಮೈಕನ್ನೇ ಆಫ್ ಮಾಡಿದ.

"ಅಯ್ಯೋ, ನನ್ನ ಮಾತು?" ಎಂದಳು ನಾಯಕಿ.

"ಅವನೆದೆಗೇ ಒರಗ್ತೀಯಲ್ಲ ಮೋಳೇ, ಅವನ ಮೈಕೇ ಕೇಳಿಸ್ಕೊಳ್ಳುತ್ತೆ."

ಅಪ್ಪಿದರು. "ಊಟ ಆಯ್ತಾ ಮಕ್ಕಳೇ?" ತಂಗಮಣಿಯಮ್ಮನ ದನಿ, ತುಸು ಒಡೆದದ್ದು, ಒಂದು ಕೊಂಕಿಲ್ಲದೆ ಕಿವಿಗೆ ಬಂತು.

"ಏನಾಗಿತ್ತು ಚೇಟ್ಟಾ?" ಎಂದ ಶಿಹಾಬ್. ಕುರುವಿಳ ಮರಿಯ ಕತೆ ಹೇಳಿದ. ಶಿಹಾಬ್ ಇನ್ನಷ್ಟು ಗೊಂದಲಗೊಂಡು ಊಟಕ್ಕೆ ಹೋದ.

ತಂಗಮಣಿಯಮ್ಮ ಮೆಲ್ಲಗೆ ಬಂದರು. "ಸಿಕ್ತಾ?"

"ಸಿಕ್ತಮ್ಮಾ."

ರೆಕಾರ್ಡಾದ ಮಾತು ಹಾಕಿ ಹೆಡ್‌ಫೋನು ಅವರ ಕಿವಿಗಿಟ್ಟ. ಕಣ್ಣು ಮುಚ್ಚಿ ಕೇಳಿದರು.

"ಇನ್ನೊಂದ್ಸಲ ಹಾಕು."