ಕರು ಹಾಕಿದ ಮರುದಿನ

ಗಿಣ್ಣು ಹಂಚುವ ವಿಷಯದಲ್ಲಿ ನನಗೆ ಸ್ವಲ್ಪ ಜಂಬವಿದೆ, ಮೊದಲೇ ಹೇಳಿಬಿಡುತ್ತೇನೆ. ಕಾಪುವಿನ ನಮ್ಮ ಓಣಿಯಲ್ಲಿ ದನದ ಹಟ್ಟಿ ಉಳಿದಿರುವುದು ನಮ್ಮ ಮನೆಯಲ್ಲಿ ಮಾತ್ರ. ದನ ಕರು ಹಾಕಿತೆಂದರೆ ಆ ಮೊದಲ ದಿನದ ದಪ್ಪ ಹಾಲಿಗೆ ಬೆಲ್ಲ, ಏಲಕ್ಕಿ ಹಾಕಿ ಹಬೆಯಲ್ಲಿ ಬೇಯಿಸಿ ಏಳು ಮನೆಗೆ ಮುಟ್ಟಿಸಬೇಕು. "ನಿಮ್ಮ ಗಿಣ್ಣಿನ ರುಚಿಯೇ ಬೇರೆ" ಎಂದು ಹೊಗಳಿಸಿಕೊಳ್ಳಬೇಕು. ಅದರಲ್ಲಿ ನನ್ನದು ಏಲಕ್ಕಿ ಮಾತ್ರ ಎಂಬುದು ಇಷ್ಟು ವರ್ಷ ಹೊಳೆದಿರಲಿಲ್ಲ.

ಈ ಸಲ ತುಂಗೆ ಶನಿವಾರ ಬೆಳಿಗ್ಗೆ ಕರು ಹಾಕಿದಳು. ಅವಳಿಗೆ ಇದು ಐದನೆಯದು. ನಾನು ಇದ್ದಲ್ಲಿಂದಲೇ ಕಡಿಯಾಳಿಯ ದೇವಿಗೆ ಕೈಮುಗಿದು, ಕರುವಿಗೆ ಕುಡಿಸಿ, ಉಳಿದದ್ದನ್ನು ಕೊನೆಯ ಹನಿಯವರೆಗೆ ಕರೆದೆ. ಏಳು ಮನೆಗೆ ಸಾಲಬೇಕಲ್ಲ!

ಮರುದಿನ ಮಗಳು ಶುಭಾ ತನ್ನ ಎರಡು ವರ್ಷದ ಮಗುವಿನೊಂದಿಗೆ ಬಂದಳು. ಅವಳು ಕಾರ್ಕಳದ ಕಾಲೇಜೊಂದರಲ್ಲಿ ಜೀವಶಾಸ್ತ್ರ ಕಲಿಸುತ್ತಾಳೆ. ಗಿಣ್ಣಿನ ತಟ್ಟೆ ಕೈಗೆ ಕೊಟ್ಟವಳೇ ನಾನು ಶುರುಮಾಡಿದೆ.

"ಇವನಿಗೊಂದು ಜೊತೆ ಬೇಡ್ವಾ ಮಗಾ?"

ಒಂದು ವರ್ಷದಿಂದ ಇದನ್ನೇ ಕೇಳುತ್ತಿದ್ದೇನೆ. ಅವಳ ಹೆರಿಗೆಯಲ್ಲಿ ರಕ್ತ ನಿಲ್ಲದೆ, ಮಣಿಪಾಲದ ಆಸ್ಪತ್ರೆಯಲ್ಲಿ ಮೂರು ದಿನ ನಾನು ಜಪಮಣಿ ಹಿಡಿದು ಕೂತದ್ದನ್ನು ಮರೆತವಳ ಹಾಗೆ ಕೇಳುತ್ತಿದ್ದೇನೆ.

"ಅಮ್ಮ, ಕೆಲವು ಬಾವಲಿಗಳು ಗಂಡಿನ ವೀರ್ಯವನ್ನು ಒಳಗೇ ಇಟ್ಟುಕೊಂಡು, ಹೊಟ್ಟೆಗೆ ಸಿಗುವ ಕಾಲ ಬಂದ ಮೇಲೆ ಬಸಿರಾಗ್ತಾವೆ. ಕಷ್ಟಕಾಲದಲ್ಲಿ ಮೊಲದ ಬಸಿರು ಹೊಟ್ಟೆಯಲ್ಲೇ ಕರಗಿ ಹೋಗ್ಲಿಕ್ಕೂ ಉಂಟು. ಆನೆಗೆ ಮರಿ ನೋಡ್ಲಿಕ್ಕೆ ಚಿಕ್ಕಮ್ಮಂದಿರಿದ್ದಾರೆ. ಯಾರ ಅಮ್ಮನೂ 'ಇನ್ನೊಂದು ಬೇಡ್ವಾ' ಅಂತ ಕೇಳುವುದಿಲ್ಲ."

"ಎಂತ ಮಾರಾಯ್ತಿ, ತಿನ್ನುವಾಗ ಬಾವಲಿ ಕತೆ!" ಎಂದು ಸಿಡುಕಿ ನಾನು ಹಟ್ಟಿಗೆ ಹೋದೆ.

ತುಂಗೆ ಕತ್ತನ್ನು ಪಕ್ಕೆಗೆ ಮಡಚಿಕೊಂಡು ಬಿದ್ದಿದ್ದಳು. ಕಿವಿ ಮುಟ್ಟಿದರೆ ತಣ್ಣಗೆ. ಎಷ್ಟು ಎಬ್ಬಿಸಿದರೂ ಏಳಲಿಲ್ಲ.

ಕಟಪಾಡಿಯಿಂದ ಬಂದ ದನದ ಡಾಕ್ಟರು ಅವಳ ಕಣ್ಣು ನೋಡಿ ನನ್ನ ಕಡೆ ತಿರುಗಿದರು. "ಅಕ್ಕ, ನಿನ್ನೆ ಹಾಲು ಪೂರ್ತಿ ಕರೆದಿರಾ?"

"ಪೂರ್ತಿ."

"ಗಿಣ್ಣಿಗೆ, ಅಲ್ವಾ? ಹಾಲಿಗೆ ಕ್ಯಾಲ್ಸಿಯಂ ಬೇಕು. ನೀವು ಕರೆದ ಹಾಗೆ ಅವಳು ರಕ್ತದಿಂದ ತೆಗೆದು ಕೊಟ್ಟಿದ್ದಾಳೆ. ಮೂಳೆಯಿಂದ ಬಂದು ತುಂಬುವಷ್ಟು ಪುರುಸೊತ್ತು ನೀವು ಕೊಡಲಿಲ್ಲ." ಹೀಗೆಂದು ಕತ್ತಿನ ನರಕ್ಕೆ ಕ್ಯಾಲ್ಸಿಯಂ ಬಾಟಲಿ ಏರಿಸಿದರು.

"ಏಳ್ತಾಳಾ ಡಾಕ್ಟ್ರೇ?"

"ನೋಡುವ."

'ನೋಡುವ' ಎಂಬ ಮಾತನ್ನು ಮಣಿಪಾಲದಲ್ಲಿಯೂ ಕೇಳಿದ್ದೆ. ಅದನ್ನು ಕೇಳಿದ ಮೇಲೆ ಸ್ತೋತ್ರಗಳು ನಾಲಿಗೆಗೆ ಬರುವುದಿಲ್ಲ. ಮೂವರನ್ನು ಹೆತ್ತವಳು ನಾನು. ಒಬ್ಬೊಬ್ಬರ ಹೊತ್ತಿಗೂ ಒಂದೊಂದು ದವಡೆಹಲ್ಲು ಹೋಯಿತು. ಮೂಳೆ ಸವೆದಿದೆ ಎಂದು ಮೊನ್ನೆ ವೈದ್ಯರು ಹೇಳಿದಾಗ, ವಯಸ್ಸಾಯಿತಲ್ಲ ಎಂದು ನಕ್ಕು ಬಂದಿದ್ದೆ. ಬೆಣ್ಣೆ ಕದ್ದ ಕೃಷ್ಣನನ್ನು ದಿನಾ ಮುದ್ದಿಸಿ ಹಾಡುತ್ತೇನೆ. ಆ ಬೆಣ್ಣೆ ಯಾರ ಮೈಯಿಂದ ಬಂತೆಂದು ಒಂದು ದಿನವೂ ಕೇಳಿಲ್ಲ. ದೇವರೇ, ಮಾವಿನ ಮರಕ್ಕೂ ಒಂದು ವರ್ಷ ಬಿಟ್ಟು ಒಂದು ವರ್ಷ ಕಾಯಿಬಿಡುವ ಬಿಡುವು ಕೊಟ್ಟವನು, ಹಾಲೂಡುವ ಜೀವವನ್ನು ಯಾಕೆ ಹೀಗೆ ತನ್ನನ್ನೇ ತೋಡಿ ಕೊಡುವಂತೆ ಮಾಡಿದೆ? ಶುಭಾ ಸೆಗಣಿಯಲ್ಲೇ ಕೂತು ತುಂಗೆಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಿದ್ದಳು. ಮಣಿಪಾಲದ ಆ ಮೂರು ದಿನ ಶುಭಾಳ ಕಿವಿಯೂ ಹೀಗೇ ತಣ್ಣಗಿತ್ತು.

ಮೊದಲ ಬಾಟಲಿಗೆ ತುಂಗೆ ಏಳಲಿಲ್ಲ. ಎರಡನೆಯದು ಮುಗಿದು ಬಹಳ ಹೊತ್ತಿನ ಮೇಲೆ, ಹಿಂಗಾಲು ನಡುಗಿಸುತ್ತ ನಿಂತಳು. ಅಷ್ಟಾದರೂ ಆಯಿತಲ್ಲ ಎಂದು ಕೈಮುಗಿದೆ.

"ಎರಡು ದಿನ ಸ್ವಲ್ಪ ಸ್ವಲ್ಪವೇ ಕರೆಯಿರಿ. ಇವಳಿಗೆ ಇನ್ನು ಗಬ್ಬ ಬೇಡ ಅಕ್ಕ, ಮುಂದಿನ ಸಲ ಎದ್ದೇಳ್ಲಿಕ್ಕಿಲ್ಲ" ಎಂದು ಹೇಳಿ ಡಾಕ್ಟರು ಹೋದರು.

ನಿಂತ ತುಂಗೆ ಮೊದಲು ಮಾಡಿದ್ದೇನು? ನೀರು ಕುಡಿಯಲಿಲ್ಲ, ಹುಲ್ಲಿಗೆ ಬಾಯಿ ಹಾಕಲಿಲ್ಲ. ಕರುವಿನ ಕಡೆ ತಿರುಗಿ ಕೂಗಿದಳು. ಮೊಲೆಯಿಂದ ಹಾಲು ತೊಟ್ಟಿಕ್ಕಿತು. ಈಗಷ್ಟೇ ಕತ್ತಿನಲ್ಲಿ ಹೋದದ್ದು ಆಗಲೇ ಕೆಳಗೆ ಇಳಿಯುತ್ತಿತ್ತು. ನನಗೆ ಅಳು ತಡೆಯಲಾಗಲಿಲ್ಲ. ಕರು ನಾಲ್ಕು ಗುಟುಕು ಕುಡಿದದ್ದೇ ಅದನ್ನು ಎಳೆದು ಕಟ್ಟಿದೆ. ತುಂಗೆ ಹಗ್ಗ ಜಗ್ಗಿ ಇನ್ನೂ ಕೊಡಲು ಬಂದಳು.

ಸಾಕು ಎನ್ನಲು ಅವಳಿಗೆ ಬರುವುದಿಲ್ಲ. ನನಗೂ ಬರಲಿಲ್ಲ. ನನ್ನ ಮಗಳಿಗೆ ಬರುತ್ತದೆ. ಅದನ್ನೇ ನಾನು ಒಂದು ವರ್ಷದಿಂದ ಅವಳ ತಪ್ಪೆಂದು ತಿಳಿದು, ತಿದ್ದಲು ಹೊರಟಿದ್ದೆ.