ಹಾಲಿನಾ ಮೇಡಂ ಮೇಳದಲ್ಲಿ ನನ್ನ ಖಂಜಿರ

ಹಾಲಿನಾ ಮೇಡಂ ಕೈ ಎತ್ತಿ "ತಕ್, ತಕ್!" ಎಂದಾಗ ನನ್ನ ಮೈ ಜುಂ ಎಂದಿತು. ಉಕ್ರೇನಿನ ಹೆಂಗಸಿನ ಬಾಯಲ್ಲಿ, ಅದೂ ಬಾಥೆಲ್‌ನ ಸಮುದಾಯ ಭವನದಲ್ಲಿ, ಮೈಸೂರಿನಲ್ಲಿ ನನಗೆ ಖಂಜಿರ ಕಲಿಸಿದ ಮೇಷ್ಟ್ರ ತಾಳದ ಸೊಲ್ಲು!

ಸಿಯಾಟಲ್ ಪಕ್ಕದ ಈ ಊರಿಗೆ ಬಂದು ಎರಡು ವರ್ಷ ನಾನು ಖಂಜಿರವನ್ನು ಕದ್ದುಮುಚ್ಚಿ ನುಡಿಸಿದವಳು. ಮೈಸೂರಿನಲ್ಲಿ ತಾಳ ತಪ್ಪಿದರೆ ಎದುರುಮನೆಯವರೇ ಬಂದು ಹೇಳುತ್ತಿದ್ದರು. ಇಲ್ಲಿ ಗೋಡೆ ತೆಳು, ಮಾತಾಡುವವರಿಲ್ಲ. ದೂರು ನೇರ ಅಪಾರ್ಟ್‌ಮೆಂಟ್ ಆಫೀಸಿನಿಂದ ಬರುತ್ತದೆ.

"ಮತ್ತೆ ಈಮೇಲ್ ಬಂದಿದೆ ಕಣೇ. ದಿಂಬಿನ ಮೇಲೆ ಪ್ರಾಕ್ಟೀಸ್ ಮಾಡ್ಕೋಬಾರ್ದಾ?" ಎಂದರು ನನ್ನ ಗಂಡ.

"ದಿಂಬಿಗೆ ಎಲ್ಲಿಂದ ರೀ ಬರತ್ತೆ ನಾದ!" ಎಂದು ರೇಗಿದೆ. ಮರುದಿನವೇ ಲೈಬ್ರರಿಯ ಸೂಚನಾ ಫಲಕದಲ್ಲಿ, ತಾಳವಾದ್ಯದವರು ಬೇಕು ಎಂಬ ಚೀಟಿ ಕಂಡಿತು. ಹಾಗೆ ಸಿಕ್ಕವರು ಹಾಲಿನಾ.

ಖಾರ್ಕಿವ್ ನಗರದಲ್ಲಿ ಅಕಾರ್ಡಿಯನ್ ಕಲಿಸುತ್ತಿದ್ದವರು ಪಾಪ್ ಗಾಯಕಿಯಾಗಿ ಹೆಸರು ಮಾಡಿದರು. ಒಂದು ಕಾಲಕ್ಕೆ ಅವರ ಹಾಡಿಲ್ಲದೆ ಅಲ್ಲಿ ಮದುವೆ ಮುಗಿಯುತ್ತಿರಲಿಲ್ಲವಂತೆ. ಆಮೇಲೆ ಇಪ್ಪತ್ತು ಜನರ ಮೇಳ ಕಟ್ಟಿ ಊರೂರು ತಿರುಗಿದರು. ಯುದ್ಧ ಬಂತು, ಮೇಳ ದಿಕ್ಕಾಪಾಲಾಯಿತು. ಈಗ ವಾರವೆಲ್ಲ ಹತ್ತಿರದ ಟಕ್ವಿಲಾ ಎಂಬ ಊರಿನ ಗೋದಾಮಿನಲ್ಲಿ ಡಬ್ಬಗಳಿಗೆ ಚೀಟಿ ಅಂಟಿಸುತ್ತಾರೆ. ಭಾನುವಾರ ಸಿಕ್ಕ ಐದಾರು ಜನರನ್ನು ಕೂಡಿಸಿ ಹಾಡಿಸುತ್ತಾರೆ. ಬೇಸಿಗೆಯ ಊರಹಬ್ಬದಲ್ಲಿ ಇಪ್ಪತ್ತು ನಿಮಿಷ ಸಿಕ್ಕಿತ್ತು. ದೇಶ ಬಿಟ್ಟ ಮೇಲೆ ಅವರಿಗದು ಮೊದಲ ವೇದಿಕೆ. ಅಷ್ಟರಲ್ಲಿ ಡ್ರಮ್ಮಿನವನು ಬೇರೆ ಊರಿಗೆ ಹೊರಟುಹೋದ. ತಾಳವಿಲ್ಲದಿದ್ದರೆ ಕಾರ್ಯಕ್ರಮವೂ ಇಲ್ಲ.

ಮೊದಲ ಅಭ್ಯಾಸದ ದಿನ ನನ್ನ ಅಂಗೈಯಗಲದ ವಾದ್ಯ ನೋಡಿ ಪಿಟೀಲಿನ ಆಂದ್ರಿ, "ಇದು ಡ್ರಮ್ಮಾ, ತಿಂಡಿ ತಟ್ಟೆನಾ?" ಎಂದು ಇಂಗ್ಲಿಷಿನಲ್ಲಿ ನಕ್ಕ. ನಾನು ಬಾರಿಸತೊಡಗಿದೆ. ಮೇಡಂ ಹಾಡುತ್ತಲೇ "ತಕ್, ತಕ್" ಎಂದರು. ಸರಿ, ತಕ ಬೇಕಂತೆ ಎಂದು ಒಂದು ಏಟಿದ್ದಲ್ಲಿ ಎರಡು ಹಾಕಿದೆ. ಅವರು ಇನ್ನಷ್ಟು ಉತ್ಸಾಹದಿಂದ "ತಕ್, ತಕ್, ತಕ್!" ಎಂದರು. ನಾನು ತಕಧಿಮಿಗೆ ಏರಿದೆ. ಮೆಲ್ಲಗೆ ಸಾಗಬೇಕಿದ್ದ ವಿರಹದ ಹಾಡು ಕುದುರೆಯ ಹಾಗೆ ಓಡಿತು. ಆಂದ್ರಿ ಪಿಟೀಲು ಕೆಳಗಿಟ್ಟು ಉಸ್ಸೆಂದ.

"ಅವರು ಹೇಳಿದ್ದು 'ಹೌದು' ಅಂತ. ನಮ್ಮ ಭಾಷೆಯಲ್ಲಿ ತಕ್ ಅಂದ್ರೆ ಹೌದು. ಫಾಸ್ಟ್ ಮಾಡು ಅಂತ ಅಲ್ಲ!"

ನಾಚಿಕೆಯಿಂದ ನೆಲ ನೋಡಿದೆ. ಮೇಡಂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆಮೇಲೆ ಗಂಭೀರವಾಗಿ, "ಮೂವತ್ತು ವರ್ಷ ಈ ಹಾಡನ್ನ ಅತ್ಕೊಂಡೇ ಹಾಡಿದೀನಿ. ಇನ್ಮೇಲೆ ಅಳಲ್ಲ. ಈ ತಪ್ಪನ್ನೇ ಇಟ್ಕೊಳ್ಳೋಣ" ಎಂದರು.

ಹಬ್ಬದ ದಿನ ಮೊದಲ ಸಾಲಿಗೇ, ನೋಡಲು ಬಂದಿದ್ದ ಉಕ್ರೇನಿನವರು ಹಾಡು ಗುರುತಿಸಿದರು. ಎರಡನೆಯ ಚರಣಕ್ಕೆ ಎಲ್ಲರೂ ಎದ್ದಿದ್ದರು. ನನ್ನ ಗಂಡ ಮೊಬೈಲ್ ಹಿಡಿದುಕೊಂಡೇ ಕುಣಿಯುತ್ತಿದ್ದರು. ಜನ ಬಿಡಲಿಲ್ಲ, ಅದೇ ಹಾಡನ್ನು ಮತ್ತೊಮ್ಮೆ ಹಾಡಿದೆವು. ನನ್ನ ಬೆರಳು ಊದಿಕೊಂಡಿತು, ಲೆಕ್ಕಿಸಲಿಲ್ಲ. ಗೆದ್ದೆವು ಎಂದು ಕೂಗಬೇಕೆನಿಸಿತು.

ನಿರೂಪಕಿ ಮೈಕು ಹಿಡಿದು, ಈ ಮೇಳ ಯಾವ ಊರಿನದು ಎಂದು ಕೇಳಿದಳು.

"ಬಾಥೆಲ್!" ಎಂದರು ಮೇಡಂ, ಎದೆಯುಬ್ಬಿಸಿ. ಚಪ್ಪಾಳೆ ಮುಗಿಲು ಮುಟ್ಟಿತು. ಆ ಸದ್ದಿನಲ್ಲಿ ಅವರು ಮೈಕಿನಿಂದ ಮುಖ ತಿರುಗಿಸಿ, ಪಕ್ಕದಲ್ಲಿದ್ದ ನನಗೆ ಮಾತ್ರ ಕೇಳುವಂತೆ "ಖಾರ್ಕಿವ್" ಎಂದರು. ನಾನೂ "ಮೈಸೂರು" ಎಂದೆ. ಇಬ್ಬರೂ ಕೈ ಹಿಡಿದುಕೊಂಡು ಬಾಥೆಲ್‌ನವರಿಗೆ ತಲೆಬಾಗಿದೆವು.